ಸೀಳುಗಿವಿ

ಗಡ್ಡಿ, ಸುರಪುರ ತಾಲೂಕು
18 ಜೂನ್ 2024

ಅಂಜನಾಗ,

ಪತ್ರದ ಮೊದಲಿಗೆ ಕ್ಷೇಮ ಅಂತ ಬರೀಬೇಕು ಅಂತ ಸಾಲ್ಯಾಗ ಕಲಿಸಿದ್ರು. ಕ್ಷೇಮ ಇಲ್ಲ, ಬರಿಯಂಗಿಲ್ಲ.

ಫೋನ್ ಯಾಕ ಮಾಡಲಿಲ್ಲ ಅಂತ ಕೇಳಬ್ಯಾಡ. ಮೂರು ವರ್ಷದ ಹಿಂದ ನೀ ಆ ಕೊಂಕಲ್ಲಿನ ಹೋತನ್ನ ವಹಾಬನ ತೆಪ್ಪದಾಗ ಹಾಕ್ಕೊಂಡು ಹೊಳಿ ನಡುವಿನ ನಮ್ಮ ಗಡ್ಡಿಗೆ ತಂದಿಯಲ್ಲ, ಅವತ್ತ ದುರಗವ್ವನ ಕಟ್ಟಿ ಮುಟ್ಟಿ ಆಣಿ ಹಾಕೀನಿ. ನಿನ್ನ ದನಿ ನನ್ನ ಕಿವಿಗೆ ಬಿದ್ರ ನನ್ನ ಹಿಂಡು ನಾಶ ಆಗಲಿ ಅಂತ. ಪತ್ರಕ್ಕ ದನಿ ಇರಂಗಿಲ್ಲ. ಅದಕ್ಕ ಬರಿಯಾಕತ್ತೇನಿ. ಅಪ್ಪ ಸೋತ ಅಂತ ತಿಳಕೋಬ್ಯಾಡ ಮತ್ತ.

ಆಡಿಗೆ ಬ್ಯಾನಿ ಬಂದೈತಿ. ಮೊದಲ ಜ್ವರ, ಕಣ್ಣು ಮೂಗು ಸೋರತಾವ. ಆಮ್ಯಾಲ ತುಟಿ, ಕೆಚ್ಚಲ, ಬಾಲದ ಬುಡ, ಎಲ್ಲಿ ಕೂದಲ ಇಲ್ಲೋ ಅಲ್ಲೆಲ್ಲ ಜ್ವಾಳದ ಕಾಳಿನಷ್ಟು ಗುಳ್ಳಿ. ಗುಳ್ಳಿ ಒಡದು ಹೊಪ್ಪಳಿ ಕಟ್ಟಿತು ಅಂದ್ರ ಆಡು ಮೇಯೂದು ಬಿಡತೈತಿ. ಉಸಿರು ಎಳಕೋತ ಮಲಗಿದ್ದು ಏಳಂಗಿಲ್ಲ. ಮರಿ ಅಂತೂ ಒಂದೂ ಉಳಿದಿಲ್ಲ. ನಿಮ್ಮವ್ವ ಬೇವಿನ ತೊಪ್ಪಲ ಕಟ್ಟಿದ್ಲು, ಅರಿಷಿಣ ಹಚ್ಚಿದ್ಲು, ದುರಗವ್ವಗ ಮಸರನ್ನದ ಎಡಿ ಒಯ್ದಳು. ಏನೂ ಆಗಲಿಲ್ಲ.

ನಮ್ಮ ಆಡಿಗೆ ಬ್ಯಾನಿ ಬರಬಾರದು. ನಿನಗ ಗೊತ್ತಿದ್ದದ್ದ, ಆದ್ರೂ ಹೇಳ್ತೀನಿ, ಓದಿದಾವರು ಲಗೂ ಮರೀತಾರ. ನಮ್ಮಪ್ಪನ ಕಾಲದಾಗ ಉಬ್ಬಸದ ಬ್ಯಾನಿ ಬಂದು ಹೊಳಿಯ ಎರಡೂ ದಂಡಿ ಆಡು ಬಳಕೊಂಡು ಹೋತು. ನಮ್ಮ ಗಡ್ಡ್ಯಾಗ ಒಂದು ಹೋತ, ನಾಕಾರು ಆಡು ಉಳದ್ವು. ನಮ್ಮಪ್ಪ ಆ ಹೋತಿನ ಎಡಗಿವಿ ಸೀಳಿದ. ಬ್ಯಾನಿ ಗೆದ್ದದ್ದ ಹಿಂಡಿನ ಹಿರಿಯ, ಇದರ ಬೀಜ ಬಿಟ್ಟು ಬ್ಯಾರೆ ಬೀಜ ಬ್ಯಾಡ ಅಂದ. ಸೀಳುಗಿವಿ ಮುಪ್ಪಾದ ಮ್ಯಾಲ ಅದರ ಮಗನ ಕಿವಿ ಸೀಳೂದು, ಆಮ್ಯಾಲ ಮೊಮ್ಮಗಂದು. ಹೊರಗಿನ ಹೋತ ಹೊಳಿ ದಾಟಬಾರದು. ಅವತ್ತಿಂದ ಉಬ್ಬಸದ ಬ್ಯಾನಿ ಎಷ್ಟು ಸಲ ಬಂದ್ರೂ ನಮ್ಮ ದೊಡ್ಡಿ ಬಾಗಲ ನೋಡಿ ತಿರುಗಿ ಹೋಗೈತಿ. ಸುರಪುರ ಸಂತ್ಯಾಗ ಗಡ್ಡಿ ಆಡು ಅಂದ್ರ ಹಲ್ಲು ನೋಡದ ತಗೋತಾರ. ಒಂದ ರಕ್ತ, ಚೊಕ್ಕ ರಕ್ತ. ಅಂಥಾ ಹಿಂಡು ನನ್ನ ಕಣ್ಣ ಮುಂದ ಸಾಯಾಕತ್ತೈತಿ, ನನಗ ತಿಳಿಯವಲ್ದು.

ದನದ ದವಾಖಾನಿ ಲಾಡ್ಲೇಸಾಬ ಬಂದು ರಕ್ತ ತಗದಾನ. ಬರ್ಫದ ಡಬ್ಬಿ ಬೀದರಿಗೆ, ನೀ ಕೆಲಸ ಮಾಡೋ ಪ್ರಯೋಗಶಾಲಿಗೇ ಬರತೈತಂತ. ಈ ಪತ್ರ ಆ ಡಬ್ಬ್ಯಾಗ ಇಡಸೀನಿ. ಔಷಧ ಹುಡುಕು. ಅಷ್ಟ.

ದುರಗಪ್ಪ


ಬೀದರ
24 ಜೂನ್

ಅಪ್ಪಾ,

ಪತ್ರ ಬರ್ಫದ ನೀರಾಗ ತೊಯ್ದು ಬಂತು. ಫ್ಯಾನಿನ ಗಾಳಿಗೆ ಹಿಡದು ಒಣಗಿಸಿ ಓದಿದೆ. ನಿನ್ನ ಅಕ್ಷರ ನೋಡಿ ಮೂರು ವರ್ಷ ಆಗಿತ್ತು. ಅಳು ಬಂತು, ಸಿಟ್ಟೂ ಬಂತು. ಸಿಟ್ಟಿನ ಮಾತು ಆಮ್ಯಾಲ ಆಡೂಣು.

ಇದು ಆಡಿನ ಸಿಡುಬು. ರಕ್ತದಾಗ ಖಾತ್ರಿ ಆಗೈತಿ. ಹತ್ತಿದ ಮ್ಯಾಲ ಔಷಧ ಇಲ್ಲ, ಬಾಯಿ ತೊಳದು, ಗಾಯಕ್ಕ ಮುಲಾಮು ಹಚ್ಚಿ, ಗಂಜಿ ಕುಡಿಸಿ ಕಾಯಬೇಕು. ಹತ್ತದ ಇದ್ದದ್ದಕ್ಕ ಲಸಿಕಿ ಐತಿ. ವರ್ಷಾ ವರ್ಷಾ ಲಾಡ್ಲೇಸಾಬ ಲಸಿಕಿ ತಂದ್ರ ನಮ್ಮ ಆಡಿಗೆ ಬ್ಯಾಡ ಅಂತ ಅವನನ್ನ ತೆಪ್ಪದಿಂದ ಇಳಿಗೊಡತಿರಲಿಲ್ಲ ನೀ. ಈ ಸಲ ಇಳಿಗೊಡು. ಲಸಿಕಿ ಮೈಯಾಗ ಕೆಲಸಕ್ಕ ಬರಾಕ ಎರಡು ಮೂರು ವಾರ ಬೇಕು, ಅಲ್ಲಿತನಕ ಬ್ಯಾನಿ ಕಾಯತೈತೋ ಇಲ್ಲೋ ನಾ ಹೇಳಲಾರೆ.

ಬ್ಯಾನಿ ಬಿದ್ದದ್ದನ್ನ ಗಡ್ಡಿಯ ಆ ತುದಿಗೆ ಕಟ್ಟು. ಸತ್ತದ್ದನ್ನ ಹೊಳಿಗೆ ಬಿಡಬ್ಯಾಡ, ಕೈ ಮುಗೀತೀನಿ, ಆಳಕ್ಕ ತಗ್ಗು ತೋಡಿ ಸುಣ್ಣ ಹಾಕಿ ಮುಚ್ಚು.

ಒಂದು ಮಾತು ನೆನಪು ಮಾಡಿ ಹೇಳು. ಇದು ಅಷ್ಟು ದೊಡ್ಡ ಹೊಳಿ ತಾನ ದಾಟಿ ಬರೋ ಬ್ಯಾನಿ ಅಲ್ಲ. ಹೊರಗಿಂದ ಏನೋ ಬಂದೈತಿ. ಯಾವ ಆಡು ಬಂತು?

ಅವ್ವಗ ಫೋನ್ ಕೊಡಂದ್ರ ಕೊಡಂಗಿಲ್ಲ ನೀ. ಇರಲಿ, ಅವ್ವಗ ನಮಸ್ಕಾರ ಹೇಳು.

ಅಂಜನಾ


ಗಡ್ಡಿ
2 ಜುಲೈ

ಅಂಜನಾಗ,

ಹೊರಗಿಂದ ಏನೂ ಬಂದಿಲ್ಲ. ನಲವತ್ತು ವರ್ಷ ಈ ಗಡ್ಡಿ ಕಾದೀನಿ, ಒಂದು ಪರದೇಶಿ ಆಡಿನ ಕೂದಲ ಸೈತ ಈಕಡೆ ಬಿದ್ದಿಲ್ಲ. ಬಂದದ್ದು ಒಂದ ಸಲ, ನೀ ತಂದದ್ದು. ಅದನ್ನೂ ಎರಡು ದಿನದಾಗ ವಾಪಸ್ ಕಳಿಸಿ, ಆ ಸುಗ್ಗ್ಯಾಗ ಹುಟ್ಟಿದ ಮರಿ ಎಲ್ಲಾ ಸಂತಿಗೆ ಹಾಕೀನಿ, ಹೋಲಸು ಉಳೀಬಾರದು ಅಂತ. ನನ್ನ ಕಾವಲಿ ಮ್ಯಾಲ ಅನುಮಾನ ಪಡಬ್ಯಾಡ.

ಲಸಿಕಿ ಹಾಕಸೀನಿ. ಹಾಕಿಸಿಕೊಂಡಾವೂ ಸಾಯಾಕತ್ತಾವ. ದಿನಾ ಮುಂಜಾನೆ ಎದ್ದು ದೊಡ್ಡಿ ಬಾಗಲ ತಗಿಯಾಕ ಕೈ ಬರವಲ್ದು. ತಗ್ಗು ತೋಡಿ ತೋಡಿ ಅಂಗೈ ಒಡದಾವ. ಕುಂಬಾರಗ ವರುಷ, ದೊಣ್ಣಿಗೆ ನಿಮಿಷ ಅಂತಾರಲ್ಲ, ಅದನ್ನ ನಾನ ನೋಡಬೇಕಾತು.

ನಿನ್ನೆಯಿಂದ ಸೀಳುಗಿವಿ ಮೇವು ಬಿಟ್ಟಾನ. ತುಟಿಮ್ಯಾಲ ಗುಳ್ಳಿ ಎದ್ದಾವ. ಗಂಜಿ ಹಿಡದ್ರ ಮುಖ ಆಕಡೆ ತಿರುವತಾನ. ಅವ ಒಬ್ಬ ಉಳದ್ರ ಹಿಂಡು ಉಳದಂಗ. ಅವ ಹೋದ್ರ ನಾ ಏನು ಮಾಡಲೇ?

ದುರಗವ್ವನ ಸಿಟ್ಟು ಇಳೀಲಿ ಅಂತ ಕಾರಹುಣ್ಣಿಮಿ ದಿನ ಬೆಳತನಕ ಡೊಳ್ಳು ಬಡದೀನಿ. ಡೊಳ್ಳಿನ ದನಿ ಛಲೋ ಏಳಾಕತ್ತಿತ್ತು. ಮೇ ತಿಂಗಳಾಗ ಹೊಸಾ ಚರ್ಮ ಕಟ್ಟೀನಿ, ಸುರಪುರದಿಂದ ಹಸೀದ ತಂದು, ದೊಡ್ಡಿ ಗ್ವಾಡಿಗೆ ಬಡದು ಒಣಗಿಸಿ, ನನ್ನ ಕೈಲೇ ಬಿಗದದ್ದು. ಅಷ್ಟು ಬಡದ್ರೂ ಅಕಿಗೆ ಕೇಳಲಿಲ್ಲ.

ಬ್ಯಾರೆ ಔಷಧ ಕಳಸು.

ದುರಗಪ್ಪ


ಬೀದರ
9 ಜುಲೈ

ಅಪ್ಪಾ,

ಚರ್ಮ! ಆ ಡೊಳ್ಳಿನ ಚರ್ಮ ಅಪ್ಪಾ!

ಜೀವಂತ ಹೋತ ಹೊಳಿ ದಾಟಬಾರದು ಅಂತ ಹೆತ್ತ ಮಗಳನ್ನ ಹೊರಗ ಹಾಕಿದಿ. ಸತ್ತ ಆಡಿನ ಹಸೀ ಚರ್ಮ ಹೆಗಲ ಮ್ಯಾಲ ಹೊತಗೊಂಡು ನೀನ ದಾಟಿಸಿದಿ. ಹೇಳೂದು ಆಚಾರ, ತಿನ್ನೂದು ಬದನಿಕಾಯಿ. ಸಿಡುಬಿನ ಹೊಪ್ಪಳ್ಯಾಗ ಆ ವಿಷ ತಿಂಗಳಗಟ್ಟಲೆ ಸಾಯಂಗಿಲ್ಲ. ಅದನ್ನ ದೊಡ್ಡಿ ಗ್ವಾಡಿಗೇ ಬಡದೀಯಲ್ಲ, ಆಡು ಬಂದು ಮೈ ತಿಕ್ಕಿರತಾವ, ಮೂಸಿರತಾವ. ಡೊಳ್ಳು ಸುಡು. ಮೊದಲ ಸುಟ್ಟು ಬಾ, ಆಮ್ಯಾಲ ಮುಂದ ಓದು.

ಚರ್ಮ ಬಾಗಲ ತಗೀತು ಖರೆ. ಆದ್ರ ಬ್ಯಾರೆ ಕಡೆ ಸಿಡುಬು ಹೊಕ್ರ ಒಂದಿಷ್ಟು ಸಾಯತಾವ, ಒಂದಿಷ್ಟು ಗುಳ್ಳಿ ಎದ್ದು ಆರಾಮ ಆಗತಾವ. ನಮ್ಮಲ್ಲಿ ಯಾಕ ಸಾಲಹಿಡದು ಸಾಯಾಕತ್ತಾವ? ನನಗ ಇಲ್ಲಿ ಕೆಲಸ ಕಲಿಸೋ ಅನುರಾಧಾ ಮೇಡಂ, ನಾನು ಕೂಡಿ ಆ ರಕ್ತದಾಗಿನ ಜೀನ್ ಓದಿದ್ವಿ. ನಿನಗ ತಿಳಿಯೂ ಹಂಗ ಹೇಳ್ತೀನಿ.

ಒಂದೊಂದು ಆಡಿನ ಮೈಯಾಗ ತಳವಾರರು ಇರತಾರ ಅನಕೋ. ಕಳ್ಳನ ಮಾರಿ ಗುರುತು ಹಿಡದು ಕೂಗೂದು ಅವರ ಕೆಲಸ. ಆದ್ರ ಒಬ್ಬ ತಳವಾರಗ ಎಲ್ಲಾ ಕಳ್ಳರ ಗುರುತು ಇರಂಗಿಲ್ಲ. ಅಪ್ಪ-ಅವ್ವನ ಕಡಿಂದ ಬ್ಯಾರೆ ಬ್ಯಾರೆ ತಳವಾರರು ಬಂದ್ರ ಛಲೋ. ಅಜ್ಜನ ಕಾಲದಾಗ ಉಬ್ಬಸದ ಕಳ್ಳ ಬಂದ. ಅವನ ಗುರುತು ಇದ್ದ ತಳವಾರ ಯಾರ ಮೈಯಾಗ ಇದ್ನೋ ಅವು ಉಳದ್ವು. ಅಲ್ಲಿತನಕ ಸರಿ, ಲೋಕದಾಗೆಲ್ಲ ಬ್ಯಾನಿ ಹಿಂಗ ಹಿಂಡು ಸೋಸತೈತಿ. ಆದ್ರ ಬ್ಯಾನಿ ಒಂದ ಇರಂಗಿಲ್ಲ ಅಪ್ಪಾ. ಇವತ್ತ ಇದು, ನಾಳೆ ಅದು. ಇವತ್ತ ಕೆಲಸಕ್ಕ ಬಾರದ ತಳವಾರ ನಾಳೆ ಬೇಕಾಗತಾನ. ಅದಕ್ಕ ಗುಡ್ಡದಾಗ, ನಡುಗಡ್ಡ್ಯಾಗ ತಮ್ಮಷ್ಟಕ್ಕ ಬಾಳೋ ಕಾಡು ಪ್ರಾಣಿಗಳೊಳಗೂ, ಉಳದದ್ದೆಲ್ಲ ಒಂದ ನಮೂನಿ ಆಗಿದ್ರೂ, ಈ ತಳವಾರರು ಮಾತ್ರ ಎಷ್ಟೋ ಕಡೆ ಬ್ಯಾರೆ ಬ್ಯಾರೆ ಉಳದಿರತಾರ. ಬಗಿಬಗಿ ಬ್ಯಾನಿನ ಅವರನ್ನ ಉಳಿಸಿರತಾವ. ನಮ್ಮಲ್ಲಿ ಹಂಗ ಆಗಲಿಲ್ಲ. ಬ್ಯಾನಿ ಸೋಸಿದ್ದು ಒಂದ ಸಲ. ಅಲ್ಲಿಂದ ಮುಂದ ಸೋಸಿದ್ದು ಅಜ್ಜನ ಕತ್ತಿ, ಆಮ್ಯಾಲ ನಿನ್ನ ಕತ್ತಿ. ಈಗ ನಮ್ಮ ದೊಡ್ಡ್ಯಾಗ ಎಲ್ಲಾರ ಮೈಯಾಗೂ ಅವನ ಒಬ್ಬ ತಳವಾರ. ಉಬ್ಬಸದ ಕಳ್ಳ ಬಂದ್ರ ಹೊಡದು ಓಡಸತಾನ. ಸಿಡುಬಿನವ ಬಂದ್ರ ರಾಮರಾಮ ಹೇಳಿ ಒಳಗ ಬಿಡತಾನ.

ಮರಿ ಸಣ್ಣವಾಗಾಕತ್ತಾವ, ಆಡು ಗಬ್ಬ ನಿಲ್ಲವಲ್ವು ಅಂತ ನೀನ ಗೊಣಗತಿದ್ದಿ. ಅದನ್ನ ಕೇಳೇ ನಾ ಅವತ್ತ ಹೋತ ತಂದದ್ದು.

ಒಂದು ಖುಷಿ ಸುದ್ದಿ ಐತಿ! ಎಂಟನೇ ಶೀಸೆ ರಕ್ತದಾಗ ಎರಡು ನಮೂನಿ ತಳವಾರರು ಅದಾರ. ಒಬ್ಬ ನಮ್ಮಾಂವ, ಇನ್ನೊಬ್ಬ ಹೊರಗಿನಾಂವ. ಹೊರಗಿಂದ ಬಂದದ್ದು ಒಂದ ಸಲ ಅಂತ ನೀನ ಬರದೀಯಲ್ಲ, ಅಂದ್ರ ಅಂವ ಖರೇನ ಕೊಂಕಲ್ಲಿನ ಹೋತಿನಾಂವ! ಆ ಹೋತಿನ ಮಗಳು ಒಂದು ನಮ್ಮ ಹಿಂಡಿನಾಗ ಉಳಕೊಂಡೈತಿ. ಅದು ಯಾವ ಆಡು ಅಪ್ಪಾ? ಅದಕ್ಕ ಬ್ಯಾನಿ ಹತ್ತೈತೇನು? ಲಗೂ ಬರಿ.

ಅಂಜನಾ


ಗಡ್ಡಿ
20 ಜುಲೈ

ಆತಲ್ಲ? ಸಮಾಧಾನ ಆತಲ್ಲ ನಿನಗ?

ಸೀಳುಗಿವಿ ಸತ್ತ. ನನ್ನ ತೊಡಿ ಮ್ಯಾಲ ತಲಿ ಇಟ್ಟು ಸತ್ತ. ನಮ್ಮಪ್ಪ ಸತ್ತಾಗ ನಾ ಇಷ್ಟು ಅತ್ತಿರಲಿಲ್ಲ.

ಅವನ್ನ ಮಣ್ಣಾಗ ಇಟ್ಟು ಬಂದು ನಿನ್ನ ಪತ್ರ ಓದಿದೆ. ಓದಿ ನಿಮ್ಮವ್ವಗ ಕೇಳಿದೆ. ಎಂಟನೇ ಶೀಸೆ ಅಂದ್ರ ಅಕಿ ಸಾಕಿದ ಕೆಂಚಿ ಅನ್ನೋ ಆಡು. ನಿಮ್ಮವ್ವನ ಮುಂದ ಕುಂತು ಲಾಡ್ಲೇಸಾಬಗ ಅದರ ರಕ್ತ ತಗಿಸ್ಯಾಳ. ನಾ ಮರಿ ಎಲ್ಲಾ ಸಂತಿಗೆ ಹಾಕಿದಾಗ ಭೀಮವ್ವ ಅನ್ನೋ ಈ ಪುಣ್ಯಾತ್ಗಿತ್ತಿ ಒಂದನ್ನ ಅಡಗಿ ಮನ್ಯಾಗ ಬುಟ್ಟಿ ಬೋರಲ ಹಾಕಿ ಮುಚ್ಚಿಟ್ಟಿದ್ಲಂತ. ಮುಂದ ತಿಂಗಳೊಪ್ಪತ್ತು ಬಿಟ್ಟು, ಇದು ತಡಮಾಡಿ ಹುಟ್ಟಿದ್ದು, ಸೀಳುಗಿವಿ ಮಗಳ ಅಂತ ನನ್ನ ಮುಂದ ಬಿಟ್ಟಾಳ. ನಾನು ಅದರ ತಲಿ ಸವರೀನಿ. ಮೂವತ್ತೈದು ವರ್ಷ ಕೂಡಿ ಬಾಳಿದ ಹೆಂಗಸು. ಅವ್ವ ಮಗಳು ಇಬ್ಬರೂ ಕೂಡಿ ನನ್ನ ಹುಚ್ಚನ್ನ ಮಾಡಿದ್ರಿ.

ನೀ ಕೇಳಿದಿ, ಕೆಂಚಿಗೆ ಬ್ಯಾನಿ ಹತ್ತೈತೇನು ಅಂತ. ಹತ್ತಿಲ್ಲ. ಎಲ್ಲಾ ಸಾಯತಾವ, ಅದು ಮೆಲಕ ಹಾಕ್ಕೋತ ನಿಂತೈತಿ. ಈಗ ತಿಳೀತು ನನಗ. ನಿನ್ನ ತಳವಾರನ ಕತಿ ನಿನ್ನ ಹತ್ತರ ಇರಲಿ. ಮೂರು ವರ್ಷ ನನ್ನ ದೊಡ್ಡ್ಯಾಗ ಹೋಲಸು ಇಟಗೊಂಡು ದುರಗವ್ವಗ ಚೊಕ್ಕ ಅಂತ ಸುಳ್ಳು ಹೇಳೀನಿ. ಅಕಿ ಸಿಟ್ಟಿಗೆದ್ದಾಳ. ಡೊಳ್ಳು ಅಕಿ ಸೇವಾಕ್ಕ ಕಟ್ಟಿದ್ದು, ಅದನ್ನ ಸುಡಂಗಿಲ್ಲ. ಆಷಾಢದ ಕಡೀ ಮಂಗಳಾರ ಕೆಂಚಿನ್ನ ಅಕಿ ಕಟ್ಟಿ ಮುಂದ ಕೊಡ್ತೀನಿ. ಇನ್ನ ಬೆರಳೆಣಿಕಿ ಆಡು ಅದಾವ, ಅವಾದ್ರೂ ಉಳೀಲಿ.

ನಿಮ್ಮವ್ವ ಉಣ್ಣೂದು ಬಿಟ್ಟಾಳ. ಬಿಡಲಿ.

ಪತ್ರ ಇಲ್ಲಿಗೆ ಸಾಕು. ಮತ್ತ ಬರೀಬ್ಯಾಡ.

ದುರಗಪ್ಪ


ಹೊಳಿ ದಂಡಿ
29 ಜುಲೈ, ಸೋಮವಾರ

ಅಪ್ಪಾ,

ನಿನ್ನ ಪತ್ರ ಓದಿದ ದಿನಾನ ಬಸ್ ಹತ್ತಿದೆ. ದೇವಾಪುರದಾಗ ಗೆಳತಿ ಮನ್ಯಾಗ ಇಳದೀನಿ, ದಿನಾ ಹೊಳಿ ದಂಡಿಗೆ ಬರ್ತೀನಿ. ಮ್ಯಾಲ ಡ್ಯಾಮಿನ ಗೇಟು ತಗದಾರ, ಹೊಳಿ ಕೆಂಪಗ ಹರಿಯಾಕತ್ತೈತಿ. ತೆಪ್ಪ ಬಂದ್. ವಹಾಬನ ಕಾಲು ಹಿಡದೆ. 'ತಂಗೀ, ಈ ನೀರಾಗ ನಮ್ಮಪ್ಪ ಎದ್ದು ಬಂದು ಹೇಳಿದ್ರೂ ತೆಪ್ಪ ಹಾಕೂದಿಲ್ಲ' ಅಂದ. ದೋಣಿ ಹೊತ್ತು ಬಂದ ಸರಕಾರಿ ಮಂದಿಗೆ ಕೇಳಿದೆ, ಮನುಷ್ಯರಿಗೆ ಜೀವಕ್ಕ ಬಂದ್ರ ಅಷ್ಟ ಬಿಡ್ತೀವಿ, ಆಡಿಗಲ್ಲ ಅಂದ್ರು. ಗಡ್ಡ್ಯಾಗ ಕರೆಂಟ್ ಹೋಗಿ ನಿನ್ನ ಫೋನು ಸತ್ತೈತಿ. ನಾಳೆ ಮಂಗಳಾರ.

ನಾ ಕೂಗಿದ್ರ ನಿನಗ ಕೇಳಂಗಿಲ್ಲ. ಮಸೂತಿ ಮೈಕಿನಾಗ ಕೂಗಿದ್ರ ಕೇಳತೈತಿ. ಆದ್ರ ನನ್ನ ದನಿ ನಿನ್ನ ಕಿವಿಗೆ ಬಿದ್ರ ಹಿಂಡು ನಾಶ ಅಂತ ಆಣಿ ಐತಿ. ನಾ ಆಣಿ ನಂಬಂಗಿಲ್ಲ, ನೀ ನಂಬತಿ. ನೀ ನಂಬಿದ್ದನ್ನ ನಾ ಈ ಹೊತ್ತಿನಾಗ ಮುರಿಯೂದಿಲ್ಲ. ಅದಕ್ಕ ಈ ಪತ್ರ ವಹಾಬ ಓದತಾನ. ಮಸೂತಿ ಹಿರ್ಯಾರು ಹೂಂ ಅಂದಾರ. ದನಿ ಅವಂದು, ಮಾತು ನಂದು.

ಅಪ್ಪಾ, ಕೆಂಚಿನ್ನ ಕಡೀಬ್ಯಾಡ. ಆ ಆಡಿನ ಸುದ್ದಿ ಕುಣಕೋತ ನಿನಗ ಬರದು ಅದರ ಕೊಳ್ಳಿಗೆ ನಾನ ಕತ್ತಿ ತಂದೀನಿ, ನನ್ನ ಬುದ್ಧಿಗೆ ಬೆಂಕಿ ಹಾಕಲಿ. ಸಿಟ್ಟು ಇದ್ರ ನನಗ ಬೈ.

ಅಜ್ಜ ಏನು ಹೇಳ್ಯಾನ? ಬ್ಯಾನಿ ಗೆದ್ದದ್ದ ಹಿಂಡಿನ ಹಿರಿಯ ಅಂದಾನ. ಇಂಥಾದ್ದರ ಮಗ, ಇಂಥಾದ್ದರ ಮಗಳು ಅಂತ ಹೇಳಿಲ್ಲ. ಗೆದ್ದದ್ದು ಅಂದಾನ. ಈಗ ನಿಂತಿದ್ದು ಯಾವುದು, ನೀನ ನೋಡು.

ಇನ್ನೊಂದು. ಲಾಡ್ಲೇಸಾಬಗ ಫೋನ್ ಮಾಡಿ ಕೇಳೀನಿ. ಕೆಂಚಿ ಗಬ್ಬ ಐತಿ. ಅವ್ವ ಅವಗ ಹೇಳ್ಯಾಳ. ಗಬ್ಬ ಆಗಿದ್ದು ಸೀಳುಗಿವಿಂದ. ನಿನ್ನ ಸೀಳುಗಿವಿದು ಈ ಭೂಮಿ ಮ್ಯಾಲ ಏನರ ಉಳದಿದ್ರ ಕೆಂಚಿ ಹೊಟ್ಟ್ಯಾಗ ಉಳದೈತಿ. ಅಲ್ಲಿ ಕತ್ತಿ ಹಾಕಬ್ಯಾಡ.

ಅಂಜನಾ


ದೇವಾಪುರ
31 ಜುಲೈ

ಅಪ್ಪಾ,

ಈ ಪತ್ರ ಯಾವಾಗ ಮುಟ್ಟತೈತೋ ಗೊತ್ತಿಲ್ಲ. ವಹಾಬನ ಅಂಗಿ ಬೊಕ್ಕಣದಾಗ ಇಟ್ಟು ಹೋಗ್ತೀನಿ.

ಮೊನ್ನೆ ಸಂಜಿಗೆ ಅವ ಮೈಕಿನಾಗ ಓದಿದ. ಎರಡು ಸಲ ಓದಿದ. 'ನನ್ನ ಬುದ್ಧಿಗೆ ಬೆಂಕಿ ಹಾಕಲಿ' ಅನ್ನೂದನ್ನ ಎಷ್ಟು ಜೋರಿಲೆ ಓದಿದ ಅಂದ್ರ ದಂಡಿ ಮ್ಯಾಲಿನ ಮಂದಿ ಎಲ್ಲಾ ನಕ್ರು. ನಾನೂ ನಕ್ಕೆ, ನಕ್ಕೋತ ಅತ್ತೆ. ಆದ್ರ ಗಾಳಿ ಗಡ್ಡಿ ಕಡಿಂದ ಈಕಡೆ ಬೀಸತಿತ್ತು. ಮಾತು ನಿಮಗ ಮುಟ್ಟಿತೋ, ಇಲ್ಲಾ ನಮ್ಮ ಬೆನ್ನ ಹಿಂದ ಹತ್ತಿ ಹೊಲದಾಗ ಹೋಗಿ ಬಿತ್ತೋ.

ನಿನ್ನೆ ಇಡೀ ದಿನ ದಂಡಿ ಮ್ಯಾಲ ಕುಂತಿದ್ದೆ. ಹೊತ್ತು ಮುಳಗೂ ಮುಂದ ದುರಗವ್ವನ ಕಟ್ಟಿ ಕಡೆ ಹೊಗಿ ಎದ್ದಿತು. ಕರ್ರಗ, ದಪ್ಪ ಹೊಗಿ. ಚರ್ಮ ಸುಟ್ಟ ವಾಸನಿ ಗಾಳ್ಯಾಗ ಈ ದಂಡಿತನಕ ಬಂತು. ಕಡದ ಮ್ಯಾಲ ತಲಿ ಕಾಲು ಸುಡತಾರಲ್ಲ, ಆ ವಾಸನಿ.

ನಾ ಬೀದರಿಗೆ ಹೋಗ್ತೀನಿ. ನಿನ್ನ ಮ್ಯಾಲ ನನಗೇನೂ ಇಲ್ಲ ಅಂತ ಬರೀಬೇಕಂದ್ರ ಕೈ ಓಡವಲ್ದು. ಐತಿ. ಭಾಳ ಐತಿ.

ಅಂಜನಾ


ಗಡ್ಡಿ
22 ಆಗಸ್ಟ್

ಅಂಜನಾಗ,

ಹೊಳಿ ಇಳದೈತಿ. ವಹಾಬ ಬಂದು ಎರಡೂ ಪತ್ರ ಕೊಟ್ಟ. ಕೊಟ್ಟು, 'ಕಾಕಾ, ಮೈಕಿನಾಗ ನನ್ನ ಓದು ಹ್ಯಾಂಗ ಇತ್ತು?' ಅಂತ ಕೇಳಿದ. ಏನು ಹೇಳಲಿ ಆ ಭಾಡ್ಯಾಗ?

ಪೂರಾ ಕೇಳಲಿಲ್ಲ ನನಗ. ಗಾಳಿ ಹರಕೊಂಡು ಹೋತು. 'ಬೆಂಕಿ ಹಾಕಲಿ' ಅನ್ನೂದು ಕೇಳ್ತು. 'ಗೆದ್ದದ್ದು' ಅಂತ ಕೇಳ್ತು. ಆಮ್ಯಾಲ 'ಸೀಳುಗಿವಿ… ಹೊಟ್ಟ್ಯಾಗ' ಅಂತ. ಅಷ್ಟ. ಏನಂತಾನ ಇಂವ ಅಂತ ನಿಮ್ಮವ್ವನ ಮಾರಿ ನೋಡಿದೆ. ಆ ದಿನ ತನಕ ಮಾತು ಬಿಟ್ಟಾಕಿ ಅವತ್ತ ಬಾಯಿ ಬಿಟ್ಟಳು. ಕೆಂಚಿ ಗಬ್ಬ ಐತಿ ಅಂದ್ಲು.

ಮಂಗಳಾರ ಮುಂಜಾನೆ ಉಳದ ಬೆರಳೆಣಿಕ್ಯಾಗ ಕಡೀ ಎರಡು ಆಡು ಹೋದ್ವು. ಅವನ್ನ ಮುಚ್ಚಿ ಬಂದು, ಕತ್ತಿ ಮಸದು, ಕೆಂಚಿನ್ನ ಎಳಕೊಂಡು ಕಟ್ಟಿತನಕ ಹೋದೆ. ಅದಕ್ಕೇನು ತಿಳೀತೈತಿ? ಕಟ್ಟಿ ಮ್ಯಾಲಿನ ಬೇವಿನ ತೊಪ್ಪಲ ತಿನ್ನಾಕ ಹತ್ತಿತು. ಸಂಜಿತನಕ ನಿಂತೆ, ಅಂಜವ್ವ. ಯಾವುದಕ್ಕ ಕೊಡಲಿ ಇದನ್ನ? ಹಿಂಡು ಉಳೀಲಿ ಅಂತ ಕೊಡಬೇಕು. ದೊಡ್ಡ್ಯಾಗ ಹಿಂಡ ಇಲ್ಲ. ಕ್ವಾಟಿ ಸೂರಿ ಹೋದ ಮ್ಯಾಲ ದಿಡ್ಡಿ ಬಾಗಲ ಹಾಕಿದ್ರಂತ.

ಮಸದ ಕತ್ತಿ ಸುಮ್ಮ ಇಡಬಾರದು. ಅದರಿಂದ ಕೆಂಚಿ ಎಡಗಿವಿ ಸೀಳಿದೆ. ಹೆಣ್ಣಿನ ಕಿವಿ ನಮ್ಮ ವಂಶದಾಗ ಯಾರೂ ಸೀಳಿಲ್ಲ. ಆಮ್ಯಾಲ ಡೊಳ್ಳು ತಂದು ಸುಟ್ಟೆ. ನೀ ನೋಡಿದ ಹೊಗಿ ಅದು.

ಕತಿ ಇಲ್ಲಿಗೆ ಮುಗದಿದ್ರ ಛಲೋ ಇತ್ತು. ಮುಗೀಲಿಲ್ಲ. ಹೋದ ವಾರದಿಂದ ಕೆಂಚಿಗೆ ಜ್ವರ. ತುಟಿ ಮ್ಯಾಲ ಗುಳ್ಳಿ ಎದ್ದಾವ. ಬಲಗಣ್ಣು ಮುಚ್ಚೈತಿ. ಉಸಿರಾಟ ಸೀಳುಗಿವಿದು ಇದ್ದಂಗ ಐತಿ. ನಿನ್ನ ಎರಡನೇ ತಳವಾರ ಎಲ್ಲಿ ಹೋದ? ನಿದ್ದಿ ಹೊಡ್ಯಾಕತ್ತಾನೇನು? ನೀ ಹೇಳಿದ ಔಷಧ ಎಲ್ಲಾ ಮಾಡಾಕತ್ತೇನಿ. ಅದರ ಪಕ್ಕಾನ ಮಲಗತೇನಿ.

ಬಂದು ನೋಡಿ ಹೋಗು ಅಂತ ಬರೀಬೇಕಂದೆ. ಆದ್ರ ನೀ ಬಂದ್ರ ಸುಮ್ಮ ಇರಾಕಿ ಅಲ್ಲ. ಒಂದು ಮಾತು ಬಾಯಿಂದ ಜಾರಿತು ಅಂದ್ರ? ಹಿಂಡು ಅಂತ ಇರೂದು ಇದೊಂದ ಜೀವ. ಅದಕ್ಕ ಅಂಜತೇನಿ. ಬರಬ್ಯಾಡ. ಬರಿ.

ದುರಗಪ್ಪ


ಬೀದರ
27 ಆಗಸ್ಟ್

ಅಪ್ಪಾ,

ಕೆಂಚಿ ಅವತ್ತ ಉಳದದ್ದು ಓದಿ ಪ್ರಯೋಗಶಾಲ್ಯಾಗ ಎಲ್ಲಾರ ಮುಂದ ಅತ್ತೆ. ಮುಂದಿನ ಸಾಲು ಓದಿ ಲಾಡ್ಲೇಸಾಬಗ ಫೋನ್ ಹಚ್ಚಿದೆ.

ನಿನಗ ಸುಳ್ಳು ಹೇಳಂಗಿಲ್ಲ. ಇಬ್ಬರು ತಳವಾರರು ಇದ್ರ ಉಳದ ಉಳೀತೈತಿ ಅಂತಲ್ಲ. ಕಳ್ಳ ಹೊಗಂಗಿಲ್ಲ ಅಂತಲ್ಲ, ಗುರುತು ಹಿಡದು ಬಡದಾಡಾಕ ಒಂದು ಅವಕಾಶ ಹೆಚ್ಚು, ಅಷ್ಟ. ಹಿಂಡು ದೊಡ್ಡದಿದ್ದು, ಒಂದೊಂದರ ಮೈಯಾಗ ಒಂದೊಂದು ನಮೂನಿ ಇದ್ದಿದ್ರ ಯಾವುದೋ ಒಂದಿಷ್ಟು ಖಾತ್ರಿ ಉಳೀತಿದ್ವು. ನಮ್ಮಲ್ಲಿ ಇದ್ದದ್ದು ಒಂದ. ಒಂದರ ಮ್ಯಾಲ ನಾನು ಏನಂತ ಭರೋಸಾ ಕೊಡಲಿ?

ಕಣ್ಣಿಗೆ ಹಚ್ಚಾಕ ಮುಲಾಮು, ಉಸಿರಿಗೆ ಸೂಜಿ ಲಾಡ್ಲೇಸಾಬನ ಕಡೆ ಕಳಸೀನಿ. ನೀರು ಕುಡಿಸೂದು ಬಿಡಬ್ಯಾಡ. ಮಲಗಿದ್ರ ಹೊರಳಿಸಿ ಮಲಗಿಸು, ಒಂದ ಮಗ್ಗಲಾದ್ರ ಹೊಟ್ಟ್ಯಾಗಿನ ಕೂಸಿಗೆ ತ್ರಾಸು.

ಅವ್ವನ ಕೈಲೆ ಉಣಿಸು. ಅಕಿ ಕೈ ಗುರುತು ಅದಕ್ಕ ಬುಟ್ಟಿಯಾಗಿದ್ದಾಗಿಂದ ಐತಿ.

ನಾ ಬರಂಗಿಲ್ಲ. ಬರೀತೀನಿ.

ಅಂಜನಾ


ಗಡ್ಡಿ
8 ನವೆಂಬರ್

ಅಂಜವ್ವ,

ಎರಡು ತಿಂಗಳ ಬರೀಲಿಲ್ಲ. ಬರದ್ರ ಏನಾಗತೈತೋ ಅಂತ ಹೆದರಿಕಿ. ಮುಂಜಾನೆ ಎದ್ದು ಉಸಿರು ಐತೋ ಇಲ್ಲೋ ನೋಡೂದು, ಇದ್ರ ಇವತ್ತಿನ ದಿನ ದಾಟಲಿ ಅನ್ನೂದು, ಅಷ್ಟ ಮಾಡೀನಿ.

ಕೆಂಚಿ ಉಳದೈತಿ. ಬಲಗಣ್ಣು ಹೋತು. ಮಾರಿ ತುಂಬ ಕಲಿ, ಮೈಯಾಗ ಎಲುಬು ಬಿಟ್ರ ಏನಿಲ್ಲ. ದೀಪಾವಳಿ ಮರುದಿನ ಈದೈತಿ. ಎರಡು ಮರಿ. ಹೋತಮರಿ ಹೊಟ್ಟ್ಯಾಗ ಸತ್ತು ಬಂತು, ಹಣೀಮ್ಯಾಲ ಸೀಳುಗಿವಿದು ಇದ್ದಂಥಾ ಬಿಳೀ ಬಟ್ಟು ಇತ್ತು. ಇನ್ನೊಂದು ಹೆಣ್ಣು, ಅಂಗೈಯಷ್ಟು. ಬದುಕೈತಿ. ನಿಮ್ಮವ್ವ ಮತ್ತ ಅದ ಬುಟ್ಟಿ ತಗದಾಳ, ಈ ಸಲ ಮುಚ್ಚಿಡಾಕ ಅಲ್ಲ, ಥಂಡಿಗೆ.

ಅದರ ಕಿವಿ ಸೀಳಂಗಿಲ್ಲ. ಎರಡೂ ಕಿವಿ ಇಡೀ ಇರಲಿ. ಕೊಂಕಲ್ಲಿಂದ ಒಂದು ಹೋತ ತಾ, ಮುಂದಿನ ಸಲ ಕಡೇಚೂರಿಂದ ಇನ್ನೊಂದು. ಇದು ನಾ ಹೇಳಿದ್ದಲ್ಲ, ನಿಮ್ಮವ್ವ ಹೇಳು ಅಂದದ್ದು.

ಈಗ ನಾ ಬರಿಯಾಕ ಕುಂತ ಮಾತು.

ಮರಿ ಹುಟ್ಟಿದ ಸಂಜಿಗೆ ನಿಮ್ಮವ್ವ 'ಅಂಜಿಗೆ ಫೋನ್ ಹಚ್ಚು' ಅಂದ್ಲು. ಹುಚ್ಚಿ ಅದಿಯೇನು, ಆಣಿ ಐತಿ, ಈಗರೆ ಒಂದು ಎರಡಾಗೈತಿ, ಅಕಿ ದನಿ ಬಿದ್ರ ಹಿಂಡು ಮತ್ತ ಹೋಕ್ಕೈತಿ ಅಂದೆ. ಅಕಿ ಮರಿ ಬಾಯಿಗೆ ಕೆಚ್ಚಲ ಹಿಡಸ್ಕೋತ, ನನ್ನ ಕಡೆ ನೋಡಲಿಲ್ಲ, ಅಂದ್ಲು: 'ಇದು ನಿನ್ನ ಹಿಂಡು ಅಂತ ನಿನಗ ಯಾರು ಹೇಳಿದ್ರು? ನೀ ಮಾರು ಅಂದಿ, ನಾ ಮಾರಲಿಲ್ಲ. ನೀ ಕಡೀತೀನಿ ಅಂದಿ. ಬುಟ್ಟ್ಯಾಗ ಮುಚ್ಚಿ, ನನ್ನ ಪಾಲಿನ ನುಚ್ಚು ಹಾಕಿ ಬೆಳಸಿದಾಕಿ ನಾ. ಕೆಂಚಿ ನಂದು, ಕೆಂಚಿ ಮಗಳು ನಂದು. ನಿನ್ನ ಹಿಂಡು ಪೂರಾ ಮಣ್ಣಾಗ ಐತಿ. ನಿನ್ನ ಆಣಿ ಏನು ತಿನ್ನಬೇಕಿತ್ತೋ ತಿಂದು ಮುಗಿಸೈತಿ. ಇನ್ನ ಏನು ಕಾಯಾಕತ್ತೀ?'

ಸಿಟ್ಟು ಬಂತು. ಕೈ ಎತ್ತಬೇಕಂದೆ, ಎತ್ತಲಿಲ್ಲ. ಹೊರಗ ಹೋಗಿ ದೊಡ್ಡಿ ನೋಡಿದೆ. ಮಳಿಗೆ ಹುಲ್ಲು ಮೊಣಕಾಲುದ್ದ ಬೆಳದೈತಿ, ತಿನ್ನಾಕ ಒಂದು ಬಾಯಿ ಇಲ್ಲ. ಅಲ್ಲೇ ಕುಂತೆ. ಅಕಿ ಹೇಳಿದ್ದು ಖರೆ ಅಂತ ಒಪ್ಪಾಕ ನನಗ ಒಂದು ವಾರ ಹಿಡೀತು, ಅಂಜವ್ವ. ಇದು ಉಳೀತು, ಅದು ಉಳೀತು, ನಂದು ಒಂಚೂರು ಉಳದೈತಿ ಅಂತ ಹಿಡಕೊಂಡು ಕುಂತಿದ್ದೆ.

ಉಳಿದಿಲ್ಲ. ನಮ್ಮಪ್ಪ ಕೊಟ್ಟದ್ದು ನನ್ನ ಕೈಯಾಗ ಮುಗೀತು. ನನ್ನ ಹೆಗಲ ಮ್ಯಾಲ ಹೊತ್ತು ತಂದ ಚರ್ಮದಿಂದ ಮುಗೀತು. ನನ್ನ ಹಿಂಡಿನಾಗ ಒಂದೂ ಇಲ್ಲ. ಬರದೀನಿ ನೋಡು, ಹೊಡದು ಹಾಕಂಗಿಲ್ಲ. ಇನ್ನ ದುರಗವ್ವ ನನ್ನ ಹತ್ತರ ತಗೊಳ್ಳಾಕ ಏನೂ ಇಲ್ಲ.

ಗಡ್ಡಿ ದಿಬ್ಬದ ಮ್ಯಾಲ ಫೋನಿಗೆ ಸಿಗ್ನಲ್ ಒಂದ ಕಡ್ಡಿ ಹತ್ತತೈತಿ. ಈ ಪತ್ರ ನಿನಗ ಯಾವತ್ತ ಮುಟ್ಟತೈತೋ ನನಗ ಗೊತ್ತಾಗಂಗಿಲ್ಲ, ಅದಕ್ಕ ನಾಳೆಯಿಂದ ದಿನಾ ಸಂಜಿಗೆ ಅಲ್ಲಿ ನಿಂತಿರತೀನಿ. ಫೋನ್ ಮಾಡು. ಮೊದಲ ನೀನ ಮಾತಾಡು, ನನಗ ಏನಂತ ಶುರು ಮಾಡಬೇಕೋ ತಿಳಿಯಂಗಿಲ್ಲ. ಬೈದ್ರೂ ನಡೀತೈತಿ.

ನಿಮ್ಮಪ್ಪ